ಶ್ರಾವಣದಲ್ಲಿ ಮನೆಗೆ ಬರುತ್ತಿದ್ದ ಜಾಲರಿ

ಕೊಟ್ಟೂರಿನ ನಮ್ಮ ಮನೆಗೆ ಅಪ್ಪ ಹಿತ್ತಲ ಬಾಗಿಲಿನಿಂದ ಬರುತ್ತಿದ್ದ. ಬೆಳಿಗ್ಗೆ ಅಜ್ಜಿಯ ಪೂಜೆ ಮುಗಿಯುವ ಹೊತ್ತಿಗೆ ಹಿಂದಿನ ಸಂದಿಯಲ್ಲಿ ಅವನ ಸ್ಕೂಟರಿನ ಸದ್ದು ಕೇಳಿಸುತ್ತಿತ್ತು. ಅವ್ವ ಬಚ್ಚಲ ಹಂಡೆಯ ಕೆಳಗೆ ಕಟ್ಟಿಗೆ ನೂಕಿ, ಗೂಟಕ್ಕೆ ಒಗೆದ ಪಂಚೆ ತೂಗುಹಾಕಿ, ಒಳಗೆ ಬಂದು ಅಡುಗೆಮನೆಯ ಬಾಗಿಲನ್ನು ಮುಂದೆ ಮಾಡಿಕೊಳ್ಳುತ್ತಿದ್ದಳು. ಅಪ್ಪ ಉಟ್ಟ ಬಟ್ಟೆಯನ್ನು ಹೊರಗಿನ ಬಕೆಟ್ಟಿನಲ್ಲಿ ನೆನೆಹಾಕಿ, ತಲೆಗೆ ಸೀಗೆಪುಡಿ ತಿಕ್ಕಿಕೊಂಡು ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡ ಮೇಲೆಯೇ ಪಡಸಾಲೆಗೆ ಕಾಲಿಡುತ್ತಿದ್ದ. ಅಲ್ಲಿಯ ತನಕ ಯಾರೂ ಅವನನ್ನು ಮಾತಾಡಿಸುತ್ತಿರಲಿಲ್ಲ. ಯಾರೋ ಕೂತು ಮಾಡಿದ ಕಟ್ಟಲೆ ಅದಲ್ಲ, ಹೇಗೋ ರೂಢಿಯಾಗಿತ್ತು. ಎಷ್ಟು ತಿಕ್ಕಿ ತೊಳೆದರೂ ಅವನ ಮೈಯಿಂದ ಒಂದು ವಾಸನೆ ಮಾತ್ರ ಹೋಗುತ್ತಿರಲಿಲ್ಲ. ಅದರಲ್ಲಿ ಇದ್ದಿಲಿತ್ತು, ಸುಟ್ಟ ಎಣ್ಣೆ ಇತ್ತು, ನಾವು ಮನೆಯಲ್ಲಿ ಹೆಸರು ಹೇಳದ ಇನ್ನೊಂದು ಇತ್ತು. ಅವನು ಪಕ್ಕದಲ್ಲಿ ಕೂತು ರೊಟ್ಟಿ ಮುರಿಯುವಾಗ ನಾನು ಉಸಿರು ಬಿಗಿಹಿಡಿದು ಉಣ್ಣುತ್ತಿದ್ದೆ. ಹಾಗೆ ಮಾಡುತ್ತಿದ್ದೇನೆಂದು ಅವನಿಗೆ ಗೊತ್ತಾಗಬಾರದೆಂದು ನಡುನಡುವೆ ಏನಾದರೂ ಮಾತಾಡುತ್ತಲೂ ಇದ್ದೆ.

ಅಪ್ಪನದು ಮೊದಲು ಜವಳಿ ಅಂಗಡಿ. ಅದು ನಡೆಯದೆ ಮುಚ್ಚಿದ ಮೇಲೆ ಕೂಡ್ಲಿಗಿಯ ಆಚೆ, ಹೆದ್ದಾರಿಯ ಪಕ್ಕದಲ್ಲಿ, ಖಾಜಾಸಾಬ್ ಎಂಬ ಗೆಳೆಯನ ಜೊತೆ ಪಾಲಿನಲ್ಲಿ ಡಾಬಾ ಹಾಕಿದ. ಅದಿರಿನ ಲಾರಿಗಳು ಬಿಡುವಿಲ್ಲದೆ ಓಡುತ್ತಿದ್ದ ಕಾಲ ಅದು. ಖಾಜಾ ಕಾಕಾ ಒಲೆಯ ಮುಂದೆ, ಅಪ್ಪ ಗಲ್ಲಾದ ಮುಂದೆ. ಲಾರಿಯವರು ಅಲ್ಲಿ ನಿಲ್ಲುತ್ತಿದ್ದದ್ದು ಕೆಂಡದ ಮೇಲೆ ಸುಟ್ಟ ಮಾಂಸಕ್ಕೆ. ನಮ್ಮದು ಕೊರಳಲ್ಲಿ ಲಿಂಗವಿದ್ದ ಮನೆ. ಮೊಟ್ಟೆ ಕೂಡ ಹೊಸ್ತಿಲು ದಾಟಿರಲಿಲ್ಲ. ಅಪ್ಪ ತಾನು ಒಂದು ಚೂರನ್ನೂ ಬಾಯಿಗೆ ಹಾಕಿದವನಲ್ಲ. ಆದರೆ ನಾವು ಉಣ್ಣುವ ಜೋಳ, ಅಕ್ಕನ ಕಾಲೇಜು, ಅಜ್ಜಿಯ ಪೂಜೆಯ ಹೂವು, ಎಲ್ಲವೂ ಆ ಕೆಂಡದಿಂದಲೇ ಬರುತ್ತಿದ್ದವು. ಮನೆಯಲ್ಲಿ ಅದನ್ನು ಬರೀ 'ಹೋಟ್ಲು' ಎನ್ನುತ್ತಿದ್ದೆವು. ಯಾರಾದರೂ ಕೇಳಿದರೆ ಅಜ್ಜಿ, "ನಮ್ಮ ಹುಡುಗ ರೋಡಿನ ಬಾಜೂಕ ಇಡ್ಲಿ ಹೋಟ್ಲು ಇಟ್ಟಾನ" ಎನ್ನುತ್ತಿದ್ದಳು. ಅವಳು ನಂಬಿ ಹೇಳುತ್ತಿದ್ದಳೋ, ಗೊತ್ತಿದ್ದೂ ಹೇಳುತ್ತಿದ್ದಳೋ ನನಗೆ ಇವತ್ತಿಗೂ ತಿಳಿಯದು. ಶಾಲೆಯಲ್ಲಿ ನಾನೂ ಅದನ್ನೇ ಹೇಳುತ್ತಿದ್ದೆ. ಹೇಳುವಾಗ ಕಿವಿ ಬಿಸಿಯಾಗುತ್ತಿತ್ತು. ಗೆಳತಿಯೊಬ್ಬಳು ನನ್ನ ಜಡೆ ಹೆಣೆಯುತ್ತಾ, "ನಿನ್ನ ಕೂದ್ಲು ಹೊಗಿ ನಾರ್ತೈತಿ" ಎಂದದ್ದೇ ಕೊನೆ, ಆಮೇಲೆ ನಾನು ಯಾರಿಗೂ ನನ್ನ ತಲೆ ಮುಟ್ಟಗೊಡಲಿಲ್ಲ.

ವರ್ಷದಲ್ಲಿ ಒಂದು ತಿಂಗಳು ಆ ಡಾಬಾ ನಮ್ಮ ಹಿತ್ತಲಿಗೇ ಬರುತ್ತಿತ್ತು. ಶ್ರಾವಣದಲ್ಲಿ ಸುತ್ತಮುತ್ತಲ ಊರುಗಳ ಗಿರಾಕಿಗಳು ಮಾಂಸ ಬಿಡುತ್ತಿದ್ದರು. ಅಪ್ಪನೂ ಆ ತಿಂಗಳು ಕೆಂಡದ ಒಲೆಯನ್ನು ಆರಿಸಿ, ಬರೀ ಚಹಾ, ಅನ್ನ, ಸಾರು ನಡೆಸುತ್ತಿದ್ದ. ಮಾಂಸ ಸುಡುವ ಜಾಲರಿ ಬೀಡು ಕಬ್ಬಿಣದ್ದು. ಖಾಜಾ ಕಾಕಾ ಹರಿಹರದ ಕಡೆ ಎರಕ ಹೊಯ್ಯಿಸಿ ತಂದದ್ದು, ಹೆಬ್ಬೆರಳು ದಪ್ಪದ ಕಂಬಿಗಳು, ಎತ್ತಲು ಇಬ್ಬರು ಬೇಕು. ಡಾಬಾದ ತಗಡಿನ ಸೂರು ಸೋರುತ್ತಿತ್ತು. ಮಳೆ ಹನಿಯಲ್ಲಿ ತಿಂಗಳು ಬಿಟ್ಟರೆ ಬೀಡು ತುಕ್ಕು ಹಿಡಿಯುತ್ತದೆಂದು ಅಪ್ಪ ಅದನ್ನು ಗೋಣಿಚೀಲದಲ್ಲಿ ಸುತ್ತಿ ಮನೆಗೆ ತಂದು, ಕಟ್ಟಿಗೆ ಕೋಣೆಯಲ್ಲಿ ಇಡುತ್ತಿದ್ದ. ಹೀಗೆ ಮನೆಯಲ್ಲಿ ನಿತ್ಯ ಪೂಜೆ, ಸೋಮವಾರ ಒಪ್ಪತ್ತೂಟ, ಬಾಗಿಲಿಗೆ ಮಾವಿನ ತೋರಣ ಇರುವ ತಿಂಗಳಲ್ಲೇ ಆ ಕರೀ ಜಾಲರಿಯೂ ನಮ್ಮ ಸೂರಿನ ಕೆಳಗೆ ಮಲಗಿರುತ್ತಿತ್ತು. ಅದು ಏನೆಂದು ಅಜ್ಜಿ ಕೇಳಿದಾಗ ಅಪ್ಪ ಹೇಳಿದ್ದು ಇಷ್ಟೇ: "ಹೋಟ್ಲದ್ದವ್ವ. ಒಲಿ ಮ್ಯಾಲೆ ಹಾಕ್ತೀವಿ."

ಅದರ ಆರೈಕೆಗೆ ಅವನ ಜೊತೆ ಕೂರುತ್ತಿದ್ದವಳು ನಾನೊಬ್ಬಳೇ. ಅವ್ವ ಅತ್ತ ತಿರುಗಿಯೂ ನೋಡುತ್ತಿರಲಿಲ್ಲ. ಅಕ್ಕ ಗಿರಿಜಾ, ಮೂಗಿಗೆ ಸೆರಗು ಹಿಡಿದು ಮಾಳಿಗೆ ಹತ್ತಿಬಿಡುತ್ತಿದ್ದಳು. ಅಜ್ಜಿ ಮಧ್ಯಾಹ್ನ ಅಡ್ಡಾದ ಹೊತ್ತು ನೋಡಿ ಅಪ್ಪ ಜಾಲರಿಯನ್ನು ಹೊರಗೆ ಎಳೆಯುತ್ತಿದ್ದ. ತುಕ್ಕಿನ ಕಲೆ ಕಂಡಲ್ಲಿ ಕಲ್ಲುಪ್ಪು ಹಾಕಿ ತೆಂಗಿನ ನಾರಿನಿಂದ ತಿಕ್ಕುವುದು, ಒಣ ಬಟ್ಟೆಯಿಂದ ಒರೆಸುವುದು, ಸಣ್ಣ ಉರಿಯ ಮೇಲೆ ಬೆಚ್ಚಗೆ ಮಾಡಿ ಶೇಂಗಾ ಎಣ್ಣೆ ಸವರುವುದು, ಮತ್ತೆ ಹೊಗೆ ಏಳುವ ತನಕ ಕಾಯಿಸುವುದು. ಎಣ್ಣೆ ಜಾಸ್ತಿಯಾದರೆ ಅಂಟಾಗುತ್ತಿತ್ತು. ಸೋಪು ಮುಟ್ಟಿಸುವಂತಿರಲಿಲ್ಲ.

"ಬಿಸಿ ಇದ್ದಾಗ ತಣ್ಣೀರು ತಾಗಿಸಬಾರದವ್ವ. ಬೀಡು ತಡಿಯಂಗಿಲ್ಲ, ಸೀಳಿಬಿಡ್ತೈತಿ," ಎನ್ನುತ್ತಿದ್ದ ಅಪ್ಪ.

ಎಣ್ಣೆ ಕುಡಿದ ಕಂಬಿಗಳು ಹೊಳೆಯುವಾಗ ಅವನ ಮುಖ ಹಗುರಾಗುತ್ತಿತ್ತು. ಜವಳಿ ಅಂಗಡಿಯಲ್ಲಿ ಹೊಸ ಬಟ್ಟೆಯ ಥಾನು ಬಿಚ್ಚುವಾಗ ಹಾಗೆಯೇ ಇರುತ್ತಿತ್ತಂತೆ, ಅವ್ವ ಹೇಳುತ್ತಿದ್ದಳು. ನನಗೂ ಆ ಕೆಲಸ ಹಿಡಿಸುತ್ತಿತ್ತು. ಹಿಡಿಸುತ್ತಿದ್ದುದಕ್ಕೇ ನಾಚಿಕೆಯೂ ಆಗುತ್ತಿತ್ತು. ಕಾಯಿಸಿದಾಗ ಕಬ್ಬಿಣದೊಳಗಿಂದ ಹಳೆಯ ಕೊಬ್ಬಿನ ವಾಸನೆ ಎದ್ದು ಬರುತ್ತಿತ್ತು. ಪಕ್ಕದ ಮನೆಯ ಕಿಟಕಿ ಮುಚ್ಚಿದ ಸದ್ದಾದರೆ ಇಬ್ಬರೂ ತಲೆ ಎತ್ತದೆ ಕೂತಿರುತ್ತಿದ್ದೆವು.

ಅಕ್ಕನಿಗೆ ಗಂಡು ನೋಡುತ್ತಿದ್ದ ವರ್ಷ, ಬೇಸಿಗೆಯಲ್ಲಿ, ಹಟ ಮಾಡಿ ಒಂದು ಸಲ ಡಾಬಾಕ್ಕೆ ಹೋಗಿದ್ದೆ. ಅಲ್ಲಿ ಅಪ್ಪನ ಹಣೆ ಬೋಳಾಗಿತ್ತು. ವಿಭೂತಿ ಒರೆಸಿ, ತಲೆಗೆ ಟವೆಲ್ಲು ಸುತ್ತಿಕೊಂಡಿದ್ದ. ಅವನು ಬೇರೆ ಯಾರೋ ಆಗಿ ಕಂಡ. ಹಿಂದೆ ಪರದೆ ಕಟ್ಟಿದ ಒಂದು ಸಣ್ಣ ಕೋಣೆ ಇತ್ತು, ನಾಲ್ಕು ಜನರ ಎದುರಿಗೆ ಕೂತು ತಿನ್ನಲು ಮುಜುಗರಪಡುವವರಿಗಾಗಿ. ನಾನು ನೀರಿನ ಜಗ್ಗು ಇಡಲು ಹೋದಾಗ ಬಿಳಿ ಅಂಗಿಯ ಹಿರಿಯರೊಬ್ಬರು ಒದ್ದೆ ಕರ್ಚೀಫಿನಿಂದ ಹಣೆಯ ವಿಭೂತಿ ಒರೆಸಿಕೊಳ್ಳುತ್ತಿದ್ದರು. ನನ್ನನ್ನು ಕಂಡು ಕೈ ಅಲ್ಲೇ ನಿಂತಿತು. "ಇಟ್ಟು ಹೋಗವ್ವ" ಎಂದರು. ಅಪ್ಪ ತಾನೇ ತಟ್ಟೆ ಒಯ್ದು, "ಉಣ್ರಿ ಸಾವ್ಕಾರ್ರ" ಎಂದು ಪರದೆ ಎಳೆದು ಬಂದ. ಅವರ ಹೆಸರು ಅವನಿಗೆ ಗೊತ್ತಿರಲಿಲ್ಲ. ಅವರಿಗೂ ಇವನ ಹೆಸರು ಬೇಕಿರಲಿಲ್ಲ.

ಆ ಶ್ರಾವಣದಲ್ಲೇ ಅಕ್ಕನನ್ನು ನೋಡಲು ಹರಪನಹಳ್ಳಿಯಿಂದ ಬರುವವರಿದ್ದರು. ದಲಾಲಿ ಅಂಗಡಿಯ ಮನೆತನ, ಒಬ್ಬನೇ ಮಗ, ಹಿರಿಯರು ಮಠದ ಕಮಿಟಿಯಲ್ಲಿದ್ದವರು. ಸಂಬಂಧ ತಂದ ನೆಂಟರು ಹುಡುಗಿಯ ತಂದೆಗೆ 'ಹೋಟ್ಲು ಐತಿ' ಎಂದಷ್ಟೇ ಹೇಳಿದ್ದರು. ಸೋಮವಾರ ಒಳ್ಳೆಯದೆಂದು ಅಜ್ಜಿಯೇ ದಿನ ಗೊತ್ತು ಮಾಡಿದಳು. ಅವ್ವ ವಾರದಿಂದ ಮನೆ ತೊಳೆದಳು. ಅಪ್ಪನ ಸ್ಕೂಟರನ್ನು ಕೂಡ ಸೋಪು ಹಾಕಿ ತೊಳೆದಳು. ಹಿಂದಿನ ದಿನ ಅಕ್ಕ ಅಪ್ಪನ ಮುಂದೆ ಬಂದು ನಿಂತು, ನೆಲ ನೋಡುತ್ತಾ, "ಅಪ್ಪ, ನಾಳೆ ನೀ ಮುಂದಿನ ಬಾಗ್ಲಲಿಂದ ಬಾ" ಎಂದಳು. ಅವನು "ಆತವ್ವ" ಎಂದ.

ಬಂದವರನ್ನು ಅಪ್ಪ ಬಾಗಿಲಲ್ಲಿ ಎದುರುಗೊಂಡ. ಬಿಳಿ ಪಂಚೆ, ಅಗಲ ವಿಭೂತಿ. ವ್ಯಾನಿನಿಂದ ಮೊದಲು ಇಳಿದವರು ಹುಡುಗನ ತಾಯಿ, ಆಮೇಲೆ ಹುಡುಗ, ಕೊನೆಗೆ ತಂದೆ. ನಾನು ಕಾಲಿಗೆ ನೀರು ಕೊಡುವ ತಂಬಿಗೆ ಹಿಡಿದು ನಿಂತಿದ್ದೆ. ಆ ಹಿರಿಯರು, ಚನ್ನಬಸಪ್ಪನವರು, ತಲೆ ಎತ್ತಿ ಅಪ್ಪನನ್ನು ನೋಡಿದರು. ಅಪ್ಪ ಅವರನ್ನು ನೋಡಿದ. ಪರದೆಯ ಹಿಂದಿನ ಸಾವುಕಾರರು. ಅವರ ಕಣ್ಣು ನನ್ನ ಮೇಲೂ ಬಿದ್ದು ಸರಕ್ಕನೆ ಬೇರೆ ಕಡೆ ಹೋಯಿತು. ಇಬ್ಬರೂ ಕೈ ಮುಗಿದರು. ಮುಗಿದ ಕೈಗಳನ್ನು ಬಿಡಿಸಲು ಇಬ್ಬರಿಗೂ ಹೊತ್ತು ಹಿಡಿಯಿತು.

ಪಡಸಾಲೆಯಲ್ಲಿ ಮಾತು ಚೆನ್ನಾಗಿಯೇ ನಡೆಯಿತು. ಅಕ್ಕ ಉಪ್ಪಿಟ್ಟು ತಂದು ಕೊಟ್ಟಳು. ಹುಡುಗ ಅವಳ ಓದಿನ ಬಗ್ಗೆ ಏನೋ ಕೇಳಿದ. ಅವಳು ನಕ್ಕು ಉತ್ತರ ಕೊಟ್ಟದ್ದು ನೋಡಿ ಅವ್ವ ಬಾಗಿಲ ಮರೆಯಲ್ಲಿ ಕಣ್ಣೊರೆಸಿಕೊಂಡಳು. ಆಗ ಹುಡುಗನ ತಾಯಿ ಅಪ್ಪನ ಕಡೆ ತಿರುಗಿ ಕೇಳಿದರು:

"ನಿಮ್ದು ಎಂಥ ಹೋಟ್ಲರಿ ಅಣ್ಣಾರ?"

ಅಪ್ಪನ ಬಾಯಿ ತೆರೆಯಿತು. ಚನ್ನಬಸಪ್ಪನವರೇ ಕೆಮ್ಮಿ ನಡುವೆ ಬಂದರು.

"ನಾ ನೋಡೀನಿ ಬಿಡು. ಕೂಡ್ಲಿಗಿ ರೋಡಿಗೈತಿ. ಇಡ್ಲಿ, ವಡೆ... ಚೊಲೋ ಇರ್ತಾವ."

"ಹಂಗಂದ್ರ ನಿಮಗ ಪರಿಚಯ ಇದ್ದಂಗಾತಲ್ಲ!" ಎಂದು ಆಕೆ ಹಿಗ್ಗಿದರು. ಅಪ್ಪ ನೆಲ ನೋಡಿದ. ಚನ್ನಬಸಪ್ಪನವರು ಸೂರು ನೋಡಿದರು. ಅಕ್ಕನ ಮದುವೆ ಆ ಒಂದು ಸುಳ್ಳಿನ ಮೇಲೆ ಅರ್ಧ ಕಟ್ಟಿ ನಿಂತಿತ್ತು. ನನಗೆ ಸಮಾಧಾನವಾಯಿತು.

ಊಟಕ್ಕೆ ಸಾಲಾಗಿ ಎಲೆ ಹಾಕಿದರು. ನಾನು ಕೈ ತೊಳೆಯುವ ನೀರಿಗಾಗಿ ಹಿತ್ತಲಿಗೆ ಹೋದೆ. ಅಲ್ಲಿ, ಮೂರು ಕಲ್ಲಿನ ಹೊರಗಿನ ಒಲೆಯ ಮೇಲೆ ಜಾಲರಿ ಇತ್ತು. ಕೆಳಗೆ ಕೆಂಡ ಇನ್ನೂ ಕೆಂಪಗಿತ್ತು. ಕಂಬಿಗಳ ಮೇಲೆ ಬದನೆಕಾಯಿಯ ಸುಟ್ಟ ಸಿಪ್ಪೆ ಅಂಟಿಕೊಂಡಿತ್ತು. ಅಜ್ಜಿಯ ಕೈಯ ಸುಟ್ಟ ಬದನೆಕಾಯಿ ಬಜ್ಜಿ ನಮ್ಮ ನೆಂಟರಲ್ಲೆಲ್ಲ ಹೆಸರಾದದ್ದು. ಬೀಗರಾಗುವವರಿಗೆ ಅದನ್ನು ಉಣಿಸಬೇಕೆಂದು, ಎಲ್ಲರೂ ಅಕ್ಕನ ಸೀರೆಯ ಸಂಭ್ರಮದಲ್ಲಿದ್ದಾಗ, ಕೂಲಿಯ ಇಬ್ಬರು ಹೆಂಗಸರ ಕೈಲಿ ಜಾಲರಿ ಎತ್ತಿಸಿ ತಾನೇ ಕೂತು ಸುಟ್ಟಿದ್ದಳು. ಒಲೆಯ ಮೇಲೆ ಹಾಕುವ ಜಾಲರಿ ಎಂದು ಮಗನೇ ಹೇಳಿದ್ದನಲ್ಲ.

ಓಡಿಹೋಗಿ ಅವ್ವನ ಕಿವಿಯಲ್ಲಿ ಹೇಳಿದೆ. ಅವಳ ಕೈಯ ಸೌಟು ನಿಂತಿತು. ಪಡಸಾಲೆಯಲ್ಲಿ ಅಜ್ಜಿ ಆಗಲೇ ತನ್ನ ಕೈಯಾರೆ ಎಲ್ಲರ ಎಲೆಗೂ ಬಜ್ಜಿ ಬಡಿಸಿ ಮುಗಿಸಿದ್ದಳು. ಅವ್ವ ಒಂದು ಕ್ಷಣ ಕಣ್ಣು ಮುಚ್ಚಿ, "ಸುಮ್ಮನಿರು. ಯಾರಿಗೂ ತಿಳಿಯಂಗಿಲ್ಲ. ಗಿರಿಜಾನ ಮುಖ ನೋಡಿ ಸುಮ್ಮನಿರು" ಎಂದಳು. ಆದರೂ ತುಪ್ಪ ಬಡಿಸುವ ನೆಪದಲ್ಲಿ ಹೋಗಿ ಅಪ್ಪನ ಕಿವಿಗೆ ಮುಟ್ಟಿಸಿದಳು. ಒಬ್ಬಳೇ ಹೊರಲಾರದೆ ಹೇಳಿರಬೇಕು.

ಅಪ್ಪ ಬಡಿಸುವ ಪಾತ್ರೆ ಹಿಡಿದು ಸಾಲಿನ ಕೊನೆಯಲ್ಲಿ ನಿಂತುಬಿಟ್ಟ. ಹುಡುಗನ ತಾಯಿ, "ಅಮ್ಮಾರ, ಹಿರೇರು ನೀವು ಮೊದ್ಲು ಬಾಯಿಗೆ ಹಾಕ್ರಿ, ಆಮ್ಯಾಲೆ ನಾವು" ಎಂದು ಅಜ್ಜಿಯನ್ನು ಒತ್ತಾಯ ಮಾಡಿ ಮೊದಲ ಎಲೆಗೆ ಕೂರಿಸಿದ್ದರು. ಅಜ್ಜಿ ಕಣ್ಣು ಮುಚ್ಚಿ ಶಿವನನ್ನು ನೆನೆದಳು. ರೊಟ್ಟಿ ಮುರಿದಳು. ಬಜ್ಜಿ ಹಚ್ಚಿಕೊಂಡಳು. ಎಲ್ಲರೂ ಅವಳ ಕೈಯನ್ನೇ ನೋಡುತ್ತಿದ್ದರು.

"ಅವ್ವ, ಬ್ಯಾಡ."

ಅಪ್ಪನ ದನಿ ಅಷ್ಟು ಗಟ್ಟಿಯಾಗಿ ಆ ಮನೆಯಲ್ಲಿ ನಾನು ಕೇಳಿರಲಿಲ್ಲ. ಅಜ್ಜಿಯ ಕೈ ಬಾಯಿಯ ಹತ್ತಿರ ನಿಂತಿತು.

"ಯಾಕೋ?"

"ಅದನ್ನ ಉಣಬ್ಯಾಡ. ಆ ಜಾಲ್ರಿ ಮ್ಯಾಲೆ ಸುಟ್ಟಿದ್ದದು."

"ಸುಟ್ರೇನಾತು? ನಿನ್ನ ಹೋಟ್ಲದ್ದಲ್ಲೇನು? ಚಂದಾಗಿ ತೊಳದು ಒರಸೇ ಸುಟ್ಟೀನಿ."

"ತೊಳದ್ರ ಹೋಗಂಗಿಲ್ಲವ್ವ." ಅವನು ಪಾತ್ರೆಯನ್ನು ಕೆಳಗಿಟ್ಟ. "ಅದರ ಮ್ಯಾಲೆ ನಾವು ಮಾಂಸ ಸುಡ್ತೀವಿ."

ಆ ಪದವನ್ನು ನಮ್ಮ ಮನೆಯಲ್ಲಿ ಮೊದಲ ಸಲ ಬಾಯಿಬಿಟ್ಟು ಹೇಳಿದ್ದು ಹಾಗೆ, ಶ್ರಾವಣ ಸೋಮವಾರ, ಪಡಸಾಲೆಯ ನಡುವೆ, ಎಲೆಗಳ ಮುಂದೆ. ಅಜ್ಜಿ ಕೈಯಲ್ಲಿದ್ದ ತುತ್ತನ್ನು ಎಲೆಯ ತುದಿಗೆ ಇಟ್ಟಳು. ಇಟ್ಟು, ಆ ಕೈ ಬೇರೆಯವರದೇನೋ ಎಂಬಂತೆ ಮೈಯಿಂದ ದೂರ ಹಿಡಿದುಕೊಂಡಳು. ಹುಡುಗನ ತಾಯಿ ದಡಕ್ಕನೆ ಎದ್ದರು. ಲೋಟ ಉರುಳಿ ನೀರು ಹರಿಯಿತು. "ಏನ್ರಿ ಇದು? ನಮಗ ಏನು ತಿನಸಾಕ ಹೊಂಟಿದ್ರಿ?" ಎಂದು ಅಪ್ಪನನ್ನು ಕೇಳಿ, ಗಂಡನ ಕಡೆ ತಿರುಗಿ, "ನೀವು ಇಡ್ಲಿ ಅಂತ ಹೇಳಿದ್ರಲ್ರಿ?" ಎಂದರು. ಚನ್ನಬಸಪ್ಪನವರ ಮುಖ ಬಿಳಿಚಿಕೊಂಡಿತ್ತು. "ನಾ ಹೊರಗಿಂದ ನೋಡಿದ್ದು... ಒಳಗ ಏನು ನಡಿತೈತಿ ನನಗೇನು ಗೊತ್ತು" ಎಂದರು.

ನನ್ನ ಬಾಯಿಗೆ ಮಾತು ಬಂದಿತ್ತು. "ನೀವೂ ಅಲ್ಲಿ—" ಎಂದೆ. ಅಪ್ಪನ ಕೈ ನನ್ನ ಹೆಗಲ ಮೇಲೆ ಬಿತ್ತು. ಎಷ್ಟು ಬಲವಾಗಿ ಒತ್ತಿದನೆಂದರೆ ಮಾತು ಒಳಗೇ ಉಳಿಯಿತು. ಚನ್ನಬಸಪ್ಪನವರು ಆ ಕೈಯನ್ನು ನೋಡಿದರು. ಅಪ್ಪ ಅವರ ಕಡೆ ನೋಡದೆ ಹೇಳಿದ:

"ತಪ್ಪು ನಂದು. ಅವರಿಗೆ ಗೊತ್ತಿಲ್ಲ. ನಾ ಯಾರಿಗೂ ಹೇಳಿರಲಿಲ್ಲ."

ಅವರು ಹೋದರು. ಜಗಲಿಯಲ್ಲಿ ಚಪ್ಪಲಿ ಮೆಟ್ಟುವಾಗ ಹುಡುಗ ಒಂದು ಸಲ ಹಿಂದೆ ತಿರುಗಿದ. ತಾಯಿ ಕೈ ಹಿಡಿದು ಎಳೆದುಕೊಂಡು ವ್ಯಾನು ಹತ್ತಿಸಿದರು. ಅಕ್ಕ ಅಡುಗೆಮನೆಯ ಗೋಡೆಗೆ ಒರಗಿ, ರೇಷ್ಮೆ ಸೀರೆಯಲ್ಲಿ ಹಾಗೇ ನಿಂತಿದ್ದಳು. ಅಳಲಿಲ್ಲ. ಅತ್ತಿದ್ದರೆ ನಮಗೆಲ್ಲ ಸುಲಭವಾಗುತ್ತಿತ್ತು. ಅವ್ವ ಮಾತಿಲ್ಲದೆ ತುಂಬಿದ ಕೊಡ ಎತ್ತಿಕೊಂಡು ಹಿತ್ತಲಿಗೆ ನಡೆದಳು. ಅಪ್ಪ "ಏ, ಬ್ಯಾಡ" ಎನ್ನುವುದರೊಳಗೆ ಕೆಂಡದ ಮೇಲಿದ್ದ ಜಾಲರಿಯ ಮೇಲೆ ಕೊಡವನ್ನು ಬೋರಲು ಹಾಕಿದಳು. ಹಬೆ ಸೂರಿನ ತನಕ ಎದ್ದಿತು. ಒಳಗಿಂದ ಠಣ್ಣೆಂದು ಸದ್ದಾಯಿತು. ಹಬೆ ಇಳಿದ ಮೇಲೆ ನೋಡಿದರೆ ನಡುವಿನ ಎರಡು ಕಂಬಿಗಳು ಅಡ್ಡ ಸೀಳಿದ್ದವು. ಅವ್ವ ಖಾಲಿ ಕೊಡ ಹಿಡಿದು, "ಇಷ್ಟು ದಿನ ಬಾಯಿ ಮುಚ್ಚಿಕೊಂಡು ಬಾಳೇವು ಮಾಡೀನಿ. ಇವತ್ತೊಂದಿನ ನೀವು ಮುಚ್ಚಿಕೊಂಡಿದ್ರ ಆಗ್ತಿರಲಿಲ್ಲೇನು?" ಎಂದಳು.

"ಹಡದವ್ವನ ಬಾಯಿಗೆ ಹೋಗ್ತಿತ್ತು," ಎಂದ ಅಪ್ಪ. ಒಲೆಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಕಬ್ಬಿಣ ಆರುವ ತನಕ ಅದನ್ನೇ ನೋಡುತ್ತಿದ್ದ.

ಮರುದಿನ ಖಾಜಾ ಕಾಕಾ ಗೂಡ್ಸ್ ಆಟೋ ತಂದರು. ಸಂದಿಯ ತುದಿಯಲ್ಲೇ ನಿಲ್ಲಿಸಿ, ಮನೆಯ ಹತ್ತಿರ ಬರಲಿಲ್ಲ. ಅಪ್ಪನೂ ಅವರೂ ಸೇರಿ ಜಾಲರಿಯನ್ನು ಹೊತ್ತರು. ಸೀಳಿದ ಜಾಗದ ಮೇಲೆ ಬೆರಳಾಡಿಸಿ ಕಾಕಾ, "ಬೀಡಿಗೆ ಬೆಸಿಗಿ ಸರಿ ಹತ್ತಂಗಿಲ್ಲ. ಇರ್ಲಿ ಬಿಡು, ಬಾಜೂಕ ಸುಡಾಕ ಬರ್ತೈತಿ" ಎಂದರು. ಆಮೇಲೆ ದನಿ ತಗ್ಗಿಸಿ, "ಮಗಳಿಗೆ ಹಿಂಗಾತಂತಲ್ಲ. ನನ್ನ ಕೂಡ ಪಾಲಿಗೆ ಬಂದು ನಿನಗ..." ಎಂದು ನಿಲ್ಲಿಸಿದರು. ಅಪ್ಪ, "ಆಟೋ ಚಾಲು ಮಾಡು" ಎಂದ.

ಅಜ್ಜಿ ಅಂದಿನಿಂದ ಅಪ್ಪನೊಂದಿಗೆ ಮಾತು ಬಿಟ್ಟಳು. ಬೈಯಲಿಲ್ಲ, ಮನೆಯಿಂದ ಹೋಗು ಎನ್ನಲಿಲ್ಲ. ಅವನ ದುಡಿಮೆಯ ಅನ್ನ ಬಿಟ್ಟರೆ ಬೇರೆ ಅನ್ನ ಅವಳಿಗೆಲ್ಲಿತ್ತು? ಕೋಣೆಯ ಮೂಲೆಯಲ್ಲಿ ತನ್ನದೇ ಪುಟ್ಟ ಒಲೆ ಹೂಡಿಕೊಂಡಳು. ಹೇಳಬೇಕಾದದ್ದು ಏನಿದ್ದರೂ, ಅವನು ಎದುರಿಗೇ ಕೂತಿದ್ದರೂ, ನನ್ನ ಮೂಲಕ ಹೇಳಿಸುತ್ತಿದ್ದಳು. "ನಿಮ್ಮಪ್ಪಗ ಹೇಳು, ಎಣ್ಣಿ ತೀರೈತಿ." ಅವನೂ, "ನಿಮ್ಮಜ್ಜಿಗೆ ಹೇಳವ್ವ, ನಾಳಿಗೆ ತರ್ತೀನಿ" ಎನ್ನುತ್ತಿದ್ದ. ಇಬ್ಬರ ನಡುವೆ ಆ ಮಾತುಗಳನ್ನು ಹೊತ್ತು ನಿಲ್ಲುವಾಗ ನನಗೆ ಇಬ್ಬರ ಮುಖವನ್ನೂ ನೋಡಲಾಗುತ್ತಿರಲಿಲ್ಲ. ಊರಿಗೆಲ್ಲ ಸುದ್ದಿ ಹಬ್ಬಿತ್ತು. ಶಾಲೆಯಲ್ಲಿ ಮೊದಲೇ ಗೊತ್ತಿದ್ದವರು ಈಗ ಗೊತ್ತಿದೆ ಎಂದು ತೋರಿಸಿಕೊಂಡರು. ಆದರೆ ಅಪ್ಪನಲ್ಲಿ ಒಂದು ಬದಲಾಯಿತು. ಡಾಬಾಕ್ಕೆ ಹೊರಡುವಾಗ ಹಣೆಯ ವಿಭೂತಿಯನ್ನು ಒರೆಸಿಕೊಳ್ಳುವುದನ್ನು ಬಿಟ್ಟ. ಅದಕ್ಕೂ ನಾನು ನಾಚಿಕೊಂಡೆ. ಮುಚ್ಚಿಟ್ಟಾಗಲೂ ನಾಚಿಕೆ, ತೆರೆದಿಟ್ಟಾಗಲೂ ನಾಚಿಕೆ, ಆ ವಯಸ್ಸಿನಲ್ಲಿ ನನಗೆ ಬೇರೆ ಏನೂ ಬರುತ್ತಿರಲಿಲ್ಲ.

ಮುಂದಿನ ಬೇಸಿಗೆಯ ಹೊತ್ತಿಗೆ ಅಕ್ಕನಿಗೆ ಹಡಗಲಿಯ ಒಂದು ಮನೆಯಲ್ಲಿ ಗೊತ್ತಾಯಿತು. ಹುಡುಗ ಸ್ಕೂಲ್ ಮಾಸ್ತರ. ಈ ಸಲ ಅವರು ಕಾಲು ತೊಳೆಯುವ ಮೊದಲೇ ಅಪ್ಪ ಜಗಲಿಯಲ್ಲಿ ನಿಂತು ತನ್ನ ಕಸುಬು ಹೇಳಿಬಿಟ್ಟಿದ್ದ. ಅವರು ಮುಖ ಮುಖ ನೋಡಿಕೊಂಡು, ಕಾಲು ತೊಳೆದು ಒಳಗೆ ಬಂದರು.

ಅದಾದ ಮೇಲೆ ಒಂದು ದಿನ ಅಪ್ಪ ಡಾಬಾದಿಂದ ಬಂದು, ಸ್ನಾನ ಮಾಡಿ, ಊಟಕ್ಕೆ ಕೂತ. ಅವ್ವ ರೊಟ್ಟಿ ಬಡಿಸುತ್ತಿದ್ದಳು. ಅಕ್ಕ ಸೀರೆಗೆ ಕುಚ್ಚು ಕಟ್ಟುತ್ತಿದ್ದಳು. ಅಜ್ಜಿ ತನ್ನ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದಳು. ಡಾಬಾದ ವಿಷಯವನ್ನು ಮನೆಯಲ್ಲಿ ಎಂದೂ ಎತ್ತದ ಅಪ್ಪ ಯಾರನ್ನೂ ನೋಡದೆ ಶುರುಮಾಡಿದ.

"ನಿನ್ನೆ ಆ ಹರಪನಹಳ್ಳಿ ಹುಡುಗ ಬಂದಿದ್ದ. ಒಬ್ಬನೇ."

ಅಕ್ಕನ ಬೆರಳು ನಿಂತಿತು.

"ಬಂದು ನಿಂತ್ಕಂಡ. ಕುಂದ್ರಪ ಅಂದ್ರೂ ಕುಂದ್ರಲಿಲ್ಲ. 'ನಮ್ಮಪ್ಪ ನಿಮ್ಮಲ್ಲಿಗೆ ಬರೋದು ನಮಗ ಸಣ್ಣಾರಿದ್ದಾಗಿಂದ ಗೊತ್ರಿ' ಅಂದ. 'ಕರ್ಚೀಫು ವಾಸ್ನಿ ಬರ್ತಿತ್ತು. ಅವತ್ತು ನಮ್ಮವ್ವಗೂ ಗೊತ್ತಿತ್ತು. ಗೊತ್ತಿಲ್ಲದಾರು ಯಾರೂ ಆ ಪಂಕ್ತ್ಯಾಗ ಇರಲಿಲ್ಲ. ನೀವೊಬ್ಬರೇ ಬಾಯಿಬಿಟ್ರಿ' ಅಂದ. ಆಮ್ಯಾಲೆ ಗಿರಿಜಾಗ ಎಲ್ಲೆರ ಗೊತ್ತಾತೇನು ಅಂತ ಕೇಳ್ದ. ಹಡಗಲ್ಯಾಗ ಆತಪ, ಮುಂದಿನ ತಿಂಗಳು ಲಗ್ನ ಅಂದೆ. 'ಚೊಲೋ ಆತ್ರಿ' ಅಂದ. ಕಣ್ಣಾಗ ನೀರಿದ್ವು. ಹಂಗ ಬಿಸಿಲಾಗ ಬೈಕು ಹತ್ತಿ ಹೋದ."

ಅಕ್ಕ ತಲೆ ತಗ್ಗಿಸಿ ಕುಚ್ಚನ್ನು ಮತ್ತೆ ಬಿಚ್ಚತೊಡಗಿದಳು. ಅವ್ವ ರೊಟ್ಟಿ ಹಿಡಿದು ನಿಂತೇ ಇದ್ದಳು. ಆಗ ಮೂಲೆಯಿಂದ ಅಜ್ಜಿ ನಿಧಾನಕ್ಕೆ ಈ ಕಡೆ ತಿರುಗಿದಳು. ನಾನು, ಅಪ್ಪನಿಗೆ ಏನು ಮುಟ್ಟಿಸಬೇಕೋ ಎಂದು ಅವಳ ಮುಖ ನೋಡಿದೆ. ಅವಳು ನನ್ನನ್ನು ನೋಡುತ್ತಿರಲಿಲ್ಲ.

"ಉಣ್ಣೋ ಹೊತ್ತಿಗೆ ಬಂದಿದ್ದನೇನು?" ಎಂದು ಅಪ್ಪನನ್ನೇ ಕೇಳಿದಳು.

ಅಪ್ಪ ತಲೆ ಎತ್ತಿದ. "ಹೂನವ್ವ. ಮಧ್ಯಾಹ್ನ."

"ಮತ್ತ ಹಂಗ ಹಸಕೊಂಡು ಕಳಿಸಿದೇನಪ್ಪ? ನಿನ್ನ ಹೋಟ್ಲದಾಗ ಏನಿತ್ತೋ ಅದನ್ನ ಉಣಿಸಿ ಕಳಿಸಬೇಕಿತ್ತು."